ಗೃಹ ಉಪ್ಪುನೀರಿನ ಅಕ್ವೇರಿಯಂಗೆ ಕ್ಯಾಬಿನೆಟ್ ಒಳಗಿನ ಸಂಪ್ ಜೋಡಣೆ: ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪ್ರಸ್ತಾವನೆ

ಅಲಂಕಾರಿಕ ಮೀನು ಸಾಕಣೆಯ ಬಗ್ಗೆ ಮಾಹಿತಿ ಕೋರುವ ಸಾರ್ವಜನಿಕರಲ್ಲಿ ಕೆಲವರು ಸಮುದ್ರದ ಮೀನುಗಳನ್ನು ಮನೆಯಲ್ಲಿಯೇ ಸಾಕಲು ಆಸಕ್ತಿ ಹೊಂದಿರುತ್ತಾರೆ. ಚಾಮರಾಜನಗರ ಜಿಲ್ಲೆಯು ಸಮುದ್ರ ತೀರದಿಂದ ದೂರವಿರುವುದರಿಂದ ಇಲ್ಲಿ ಉಪ್ಪುನೀರನ್ನು ಮನೆಯಲ್ಲಿಯೇ ತಯಾರಿಸಿ, ಅದೇ ನೀರನ್ನು ಶುದ್ಧೀಕರಿಸುತ್ತಾ ಬಹುಕಾಲ ಬಳಸಬೇಕಾಗುತ್ತದೆ. ಈ ಕಾರ್ಯಕ್ಕೆ ಅಕ್ವೇರಿಯಂನ ಕೆಳಗಿನ ಕ್ಯಾಬಿನೆಟ್‌ನಲ್ಲಿ ಇರಿಸುವ ಎರಡನೆಯ ತೊಟ್ಟಿಯೇ ಸಂಪ್. ಇದರ ಕೊಳಾಯಿ ಜೋಡಣೆ ಸರಿಯಾಗಿಲ್ಲದಿದ್ದಲ್ಲಿ ಒಂದು ಬಾರಿ ವಿದ್ಯುತ್ ನಿಲುಗಡೆಯಾದರೂ ಮನೆಯ ನೆಲಕ್ಕೆ ಉಪ್ಪುನೀರು ಹರಿದು, ಮೀನುಗಳೂ ಪೀಠೋಪಕರಣಗಳೂ ಹಾಳಾಗುವ ಸಂಭವವಿರುತ್ತದೆ. ಆದ್ದರಿಂದ ಜೋಡಣೆಯ ಕ್ರಮ, ಅಳತೆ, ಪರೀಕ್ಷೆ ಹಾಗೂ ಕಾನೂನು ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಮನೆಯ ಸಂಪಿಗೂ ಅಕ್ವೇರಿಯಂ ಸಂಪಿಗೂ ಇರುವ ವ್ಯತ್ಯಾಸ

ಚಾಮರಾಜನಗರ ನಗರಸಭೆ ಹಾಗೂ ಗುಂಡ್ಲುಪೇಟೆ ಪುರಸಭೆ ವ್ಯಾಪ್ತಿಯ ಮನೆಗಳಲ್ಲಿ ನಲ್ಲಿ ನೀರನ್ನು ಸಂಗ್ರಹಿಸಲು ನೆಲದೊಳಗೆ ಸಂಪ್ ಇರುವುದು ಸಾಮಾನ್ಯ. ಆ ಸಂಪ್ ಸದಾ ತುಂಬಿರಲಿ ಎಂಬುದೇ ಮನೆಯವರ ಅಪೇಕ್ಷೆ. ಅಕ್ವೇರಿಯಂ ಸಂಪ್ ಇದಕ್ಕೆ ತದ್ವಿರುದ್ಧವಾದುದು. ಅದು ಎಂದಿಗೂ ತುಂಬಿರಬಾರದು. ಅದರಲ್ಲಿ ಸದಾ ಖಾಲಿ ಇರುವ ಜಾಗವೇ ಮನೆಗೆ ರಕ್ಷಣೆ. ಮನೆ ಸಂಪಿನ ಕೆಲಸದಲ್ಲಿ ನುರಿತ ಪ್ಲಂಬರ್‌ಗಳಿಗೂ ಈ ಒಂದು ಅಂಶವನ್ನು ಮೊದಲೇ ತಿಳಿಸುವುದು ಅವಶ್ಯಕ.

ಕಾರ್ಯವಿಧಾನ ಹೀಗಿದೆ. ಮೇಲಿನ ಮುಖ್ಯ ತೊಟ್ಟಿಯ ನೀರು ಒಂದು ಹಲ್ಲು ಅಂಚಿನ ಪೆಟ್ಟಿಗೆಯೊಳಗೆ ಉಕ್ಕಿ, ಪೈಪಿನ ಮೂಲಕ ತನ್ನ ಭಾರದಿಂದಲೇ ಸಂಪಿಗೆ ಇಳಿಯುತ್ತದೆ. ಸಂಪಿನಲ್ಲಿ ಶೋಧಕ ಬಟ್ಟೆ, ಪ್ರೋಟೀನ್ ಸ್ಕಿಮ್ಮರ್ ಮತ್ತು ಹೀಟರ್‌ಗಳನ್ನು ದಾಟಿ ಕೊನೆಯ ಅಂಕಣ ಸೇರುತ್ತದೆ. ಅಲ್ಲಿರುವ ಪಂಪು ನೀರನ್ನು ಮತ್ತೆ ಮೇಲಕ್ಕೆ ಕಳುಹಿಸುತ್ತದೆ. ಪಂಪು ಎಷ್ಟು ಕಳುಹಿಸುತ್ತದೆಯೋ ಅಷ್ಟೇ ನೀರು ಕೆಳಗೆ ಬರುತ್ತದೆ.

3. ವಿದ್ಯುತ್ ನಿಂತಾಗ ಆಗುವುದೇನು

ಪಂಪು ನಿಂತ ಕೂಡಲೇ ಕೆಳಗಿನ ಮೂರು ಮೂಲಗಳಿಂದ ನೀರು ಸಂಪಿಗೆ ಇಳಿಯುತ್ತದೆ.

(ಅ) ಮುಖ್ಯ ತೊಟ್ಟಿಯಲ್ಲಿ ಅಂಚಿನ ಮಟ್ಟಕ್ಕಿಂತ ಮೇಲೆ ನಿಂತಿದ್ದ ನೀರು ಹಾಗೂ ವಾಪಸು ಪೈಪಿನ ಬಾಯಿ ಮುಳುಗಿರುವಷ್ಟೂ ಆಳದ ನೀರು. ಪಂಪು ನಿಂತಾಗ ಅದೇ ಪೈಪು ಹಿಮ್ಮುಖವಾಗಿ ನೀರನ್ನು ಎಳೆಯುತ್ತದೆ. ಬಾಯಿಗೆ ಗಾಳಿ ಸಿಕ್ಕಾಗ ಮಾತ್ರ ಈ ಎಳೆತ ನಿಲ್ಲುತ್ತದೆ.
(ಆ) ಉಕ್ಕು ಪೆಟ್ಟಿಗೆಯೊಳಗಿನ ನೀರು.
(ಇ) ಪೈಪುಗಳೊಳಗಿನ ನೀರು.

ಈ ಮೂರರ ಮೊತ್ತಕ್ಕಿಂತ ಸಂಪಿನ ಖಾಲಿ ಜಾಗ ಹೆಚ್ಚಾಗಿರತಕ್ಕದ್ದು. ಉಳಿದೆಲ್ಲ ನಿಯಮಗಳು ಇದರ ನಂತರದವು.

4. ಮಾದರಿ ಲೆಕ್ಕ

ಮಧ್ಯಮ ಗಾತ್ರದ ಒಂದು ಅಕ್ವೇರಿಯಂನ ಲೆಕ್ಕವನ್ನು ಉದಾಹರಣೆಗಾಗಿ ಕೊಡಲಾಗಿದೆ. ಎಲ್ಲ ಅಳತೆಗಳೂ ಗಾಜಿನ ಒಳ ಅಳತೆಗಳು.

ಮುಖ್ಯ ತೊಟ್ಟಿ: 90 × 45 × 45 ಸೆಂ.ಮೀ. ಚಾಲನೆಯಲ್ಲಿ ನೀರಿನ ಎತ್ತರ 41 ಸೆಂ.ಮೀ., ಅಂದರೆ ಸುಮಾರು 166 ಲೀಟರ್. ಪ್ರತಿ 1 ಸೆಂ.ಮೀ. ಎತ್ತರಕ್ಕೆ ಸುಮಾರು 4 ಲೀಟರ್.
ಸಂಪ್: 60 × 35 × 40 ಸೆಂ.ಮೀ. ಪೂರ್ಣ ಸಾಮರ್ಥ್ಯ 84 ಲೀಟರ್. ಪ್ರತಿ 1 ಸೆಂ.ಮೀ. ಎತ್ತರಕ್ಕೆ 2.1 ಲೀಟರ್.
ಸಂಪಿನ ಮೊದಲ ಅಂಕಣ: ಉದ್ದ 40 ಸೆಂ.ಮೀ., ನೀರಿನ ಎತ್ತರ 22 ಸೆಂ.ಮೀ.; 30.8 ಲೀಟರ್.
ಪಂಪಿನ ಅಂಕಣ: ಉದ್ದ 20 ಸೆಂ.ಮೀ., ನೀರಿನ ಎತ್ತರ 18 ಸೆಂ.ಮೀ.; 12.6 ಲೀಟರ್.
ಚಾಲನೆಯಲ್ಲಿ ಸಂಪಿನ ಒಟ್ಟು ನೀರು: 43.4 ಲೀಟರ್. ಖಾಲಿ ಜಾಗ: 40.6 ಲೀಟರ್.

ಮೊದಲ ಸನ್ನಿವೇಶ: ವಾಪಸು ಪೈಪಿನ ಬಾಯಿ ನೀರಿನ ಮಟ್ಟದಿಂದ 2.5 ಸೆಂ.ಮೀ. ಕೆಳಗಿದೆ. ವಿದ್ಯುತ್ ನಿಂತಾಗ ಮುಖ್ಯ ತೊಟ್ಟಿಯಿಂದ 10 ಲೀಟರ್, 20 × 10 ಸೆಂ.ಮೀ. ಉಕ್ಕು ಪೆಟ್ಟಿಗೆಯಲ್ಲಿ 25 ಸೆಂ.ಮೀ. ಇಳಿತದಿಂದ 5 ಲೀಟರ್, ಪೈಪುಗಳಿಂದ ಸುಮಾರು 1 ಲೀಟರ್. ಒಟ್ಟು 16 ಲೀಟರ್ ಇಳಿಯುತ್ತದೆ. ಸಂಪಿನ ನೀರು ಸುಮಾರು 28 ಸೆಂ.ಮೀ.ಗೆ ಏರಿ ನಿಲ್ಲುತ್ತದೆ. ಮೇಲೆ ಇನ್ನೂ ಸುಮಾರು 12 ಸೆಂ.ಮೀ. ಉಳಿಯುತ್ತದೆ. ಈ ಜೋಡಣೆ ಸುರಕ್ಷಿತ.

ಎರಡನೆಯ ಸನ್ನಿವೇಶ: ನೀರಿನ ಚಲನೆ ಚೆನ್ನಾಗಿರಲೆಂದು ವಾಪಸು ಪೈಪಿನ ಬಾಯಿಯನ್ನು 30 ಸೆಂ.ಮೀ. ಆಳಕ್ಕೆ ಇಳಿಸಲಾಗಿದೆ. ಆಗ 120 ಲೀಟರ್ ಹಾಗೂ ಪೆಟ್ಟಿಗೆ ಮತ್ತು ಪೈಪಿನ 6 ಲೀಟರ್ ಸೇರಿ 126 ಲೀಟರ್ ಇಳಿಯುತ್ತದೆ. ಸಂಪ್ ಹಿಡಿಯುವುದು 40.6 ಲೀಟರ್ ಮಾತ್ರ. ಉಳಿದ ಸುಮಾರು 85 ಲೀಟರ್ ಉಪ್ಪುನೀರು ನೆಲಕ್ಕೆ ಬರುತ್ತದೆ. ತೊಟ್ಟಿ, ಸಂಪ್, ಪಂಪು ಎಲ್ಲವೂ ಅವೇ. ಬದಲಾಗಿರುವುದು ಪೈಪಿನ ಬಾಯಿಯ ಎತ್ತರ ಮಾತ್ರ ಎಂಬುದನ್ನು ಗಮನಿಸುವುದು.

ಮೂರನೆಯ ಸನ್ನಿವೇಶ: ವಿದ್ಯುತ್ ಇದೆ, ಆದರೆ ಇಳಿ ಪೈಪು ಕಟ್ಟಿಕೊಂಡಿದೆ. ಪಂಪು ತನ್ನ ಅಂಕಣದ 12.6 ಲೀಟರ್ ನೀರನ್ನು ಮೇಲಕ್ಕೆ ಕಳುಹಿಸುತ್ತದೆ. ಮುಖ್ಯ ತೊಟ್ಟಿಯ ಮೇಲ್ಭಾಗದಲ್ಲಿ 4 ಸೆಂ.ಮೀ., ಅಂದರೆ 16 ಲೀಟರ್ ಜಾಗವಿದೆ. ಆದ್ದರಿಂದ ತೊಟ್ಟಿ ಉಕ್ಕುವುದಿಲ್ಲ. ಪಂಪಿನ ಅಂಕಣವನ್ನು ದೊಡ್ಡದಾಗಿ ಮಾಡಿಸುವವರು ಈ ಲೆಕ್ಕವನ್ನೂ ನೋಡಿಕೊಳ್ಳತಕ್ಕದ್ದು.

5. ಬೇಕಾಗುವ ಸಾಮಗ್ರಿಗಳು

(1) ಪಿವಿಸಿ ಪೈಪು, ಎಲ್ಬೋ, ಟೀ, ಯೂನಿಯನ್, ರಬ್ಬರ್ ವಾಷರ್ ಸಹಿತ ಟ್ಯಾಂಕ್ ಕನೆಕ್ಟರ್ ಹಾಗೂ ಸಾಲ್ವೆಂಟ್ ಸಿಮೆಂಟ್. ಮುಖ್ಯ ಇಳಿ ಪೈಪಿಗೆ 1 ಇಂಚು, ತುರ್ತು ಇಳಿ ಪೈಪಿಗೆ 1 ಅಥವಾ 1¼ ಇಂಚು ಸಾಕಾಗುತ್ತದೆ.
(2) ಪಿವಿಸಿ ವಾಲ್ವ್. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಹಿತ್ತಾಳೆ ವಾಲ್ವ್‌ಗಳನ್ನು ಬಳಸಬಾರದು. ಹಿತ್ತಾಳೆಯಲ್ಲಿರುವ ತಾಮ್ರವು ಉಪ್ಪುನೀರಿನಲ್ಲಿ ಕರಗಿ ಸಿಗಡಿ ಮೊದಲಾದ ಅಕಶೇರುಕ ಜೀವಿಗಳನ್ನು ಕೊಲ್ಲುತ್ತದೆ. ಜಿ.ಐ. ಪೈಪು, ಕಬ್ಬಿಣದ ಕ್ಲಿಪ್ಪು ಹಾಗೂ ಸ್ಕ್ರೂಗಳೂ ನೀರಿಗೆ ತಾಗಬಾರದು.
(3) ಪಂಪು. ಗಂಟೆಗೆ ಮುಖ್ಯ ತೊಟ್ಟಿಯ 3 ರಿಂದ 5 ಪಟ್ಟು ನೀರು ಸಂಪಿನ ಮೂಲಕ ಹಾದುಹೋದರೆ ಸಾಕು. ಪಂಪಿನ ಪೆಟ್ಟಿಗೆಯ ಮೇಲೆ ನಮೂದಿಸಿರುವ ಪ್ರಮಾಣವು ಎತ್ತರವಿಲ್ಲದಾಗಿನ ಪ್ರಮಾಣವಾಗಿರುತ್ತದೆ. ಗಂಟೆಗೆ 1500 ಲೀಟರ್ ಎಂದೂ, ಗರಿಷ್ಠ ಎತ್ತರ 2 ಮೀಟರ್ ಎಂದೂ ನಮೂದಾಗಿರುವ ಪಂಪು 1.2 ಮೀಟರ್ ಎತ್ತರಕ್ಕೆ ಸರಿಸುಮಾರು 600 ಲೀಟರ್ ಮಾತ್ರ ಕೊಡುತ್ತದೆ. ಮೇಲಿನ ಮಾದರಿಗೆ ಇದು ಸೂಕ್ತ.
(4) ಕ್ಯಾಬಿನೆಟ್. ಮಾದರಿಯ ನೀರು, ಗಾಜು, ಕಲ್ಲು ಹಾಗೂ ಪೀಠ ಸೇರಿ 300 ಕಿ.ಗ್ರಾಂ. ಮೀರಬಹುದು. ತೇವಕ್ಕೆ ಉಬ್ಬುವ ಪಾರ್ಟಿಕಲ್ ಬೋರ್ಡ್ ಬೇಡ. ಕಬ್ಬಿಣದ ಆಂಗಲ್ ಚೌಕಟ್ಟಾದರೆ ತುಕ್ಕು ನಿರೋಧಕ ಬಣ್ಣ ಬಳಿಸತಕ್ಕದ್ದು. ಹಳೆಯ ಮರದ ಅಟ್ಟದ ಮನೆಗಳಲ್ಲಿ ಮೇಲಂತಸ್ತಿನಲ್ಲಿ ಇಡಬಾರದು.

6. ಜೋಡಣೆಯ ಕ್ರಮ

(1) ಗಾಜಿನ ರಂಧ್ರ: ತೊಟ್ಟಿಗೆ ನೀರು ತುಂಬುವ ಮೊದಲೇ ಗಾಜಿನ ಅಂಗಡಿಯಲ್ಲಿ ರಂಧ್ರ ಕೊರೆಸುವುದು. ಟಫನ್ಡ್ ಗಾಜನ್ನು ಕೊರೆದರೆ ಇಡೀ ಗಾಜು ಪುಡಿಯಾಗುತ್ತದೆ, ಮೊದಲು ಖಚಿತಪಡಿಸಿಕೊಳ್ಳುವುದು. ಟ್ಯಾಂಕ್ ಕನೆಕ್ಟರನ್ನು ಮೊದಲೇ ಕೊಂಡು, ಅದರ ಮರೆಯ ಅಳತೆಗೆ ತಕ್ಕಂತೆ ರಂಧ್ರ ಇರಬೇಕು. ರಂಧ್ರಕ್ಕೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ರಂಧ್ರದ ವ್ಯಾಸದಷ್ಟು ಗಾಜು ಉಳಿಯಬೇಕು.

(2) ಉಕ್ಕು ಪೆಟ್ಟಿಗೆ: ತೊಟ್ಟಿಯ ಹಿಂಬದಿಯಲ್ಲಿ ಗಾಜಿನ ಪೆಟ್ಟಿಗೆಯನ್ನು ಸಿಲಿಕೋನ್‌ನಿಂದ ಅಂಟಿಸಿ, ಮೇಲಂಚಿನಲ್ಲಿ ಹಲ್ಲುಗಳನ್ನು ಬಿಡುವುದು. ಮೀನುಗಳು ಒಳಗೆ ಬಾರದಂತೆ ಹಲ್ಲುಗಳು ತಡೆಯುತ್ತವೆ. ರಂಧ್ರ ಕೊರೆಯದೆ ತೊಟ್ಟಿಯ ಅಂಚಿಗೆ ತೂಗುಹಾಕುವ ಸೈಫನ್ ಮಾದರಿಯ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಗಾಳಿ ಸೇರಿಕೊಂಡರೆ ವಿದ್ಯುತ್ ಮರಳಿದಾಗ ಸೈಫನ್ ಮತ್ತೆ ಆರಂಭವಾಗದೆ, ಪಂಪು ಮಾತ್ರ ನೀರನ್ನು ಮೇಲಕ್ಕೆ ಕಳುಹಿಸುತ್ತಲೇ ಇರುತ್ತದೆ. ವಿದ್ಯುತ್ ಹಲವು ಬಾರಿ ಹೋಗಿ ಬರುವ ಸ್ಥಳಗಳಿಗೆ ರಂಧ್ರ ಕೊರೆದ ವಿಧಾನವೇ ಸೂಕ್ತ.

(3) ಎರಡು ಇಳಿ ಪೈಪುಗಳು: ಪೆಟ್ಟಿಗೆಯೊಳಗೆ ಎರಡು ಪೈಪುಗಳನ್ನು ನಿಲ್ಲಿಸುವುದು. ಮುಖ್ಯ ಪೈಪಿನ ಬಾಯಿ ಪೆಟ್ಟಿಗೆಯ ತಳದಿಂದ ಸುಮಾರು 10 ಸೆಂ.ಮೀ. ಎತ್ತರದಲ್ಲಿದ್ದು, ಕೆಳಗೆ ವಾಲ್ವ್ ಹೊಂದಿರುತ್ತದೆ. ವಾಲ್ವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪೆಟ್ಟಿಗೆಯ ನೀರನ್ನು ಒಂದು ಮಟ್ಟದಲ್ಲಿ ನಿಲ್ಲಿಸಿದರೆ ಗಾಳಿ ಎಳೆಯುವ ಗೊರಗೊರ ಶಬ್ದ ನಿಲ್ಲುತ್ತದೆ. ತುರ್ತು ಪೈಪಿನ ಬಾಯಿ ಈ ಮಟ್ಟಕ್ಕಿಂತ 2 ಸೆಂ.ಮೀ. ಮೇಲಿರತಕ್ಕದ್ದು. ತುರ್ತು ಪೈಪಿಗೆ ಯಾವುದೇ ವಾಲ್ವ್ ಇರಕೂಡದು. ಮುಖ್ಯ ಪೈಪು ಕಟ್ಟಿಕೊಂಡಲ್ಲಿ ನೀರು ಶಬ್ದ ಮಾಡುತ್ತಾ ತುರ್ತು ಪೈಪಿನಲ್ಲಿ ಇಳಿಯುತ್ತದೆ. ಆ ಶಬ್ದವೇ ಮನೆಯವರಿಗೆ ಎಚ್ಚರಿಕೆ.

(4) ಪೈಪಿನ ಇಳಿಜಾರು: ಇಳಿ ಪೈಪು ಎಲ್ಲಿಯೂ ಮೇಲೇರದೆ ಕೆಳಮುಖವಾಗಿಯೇ ಸಾಗಬೇಕು. 90 ಡಿಗ್ರಿ ಎಲ್ಬೋ ಬದಲು 45 ಡಿಗ್ರಿ ಎಲ್ಬೋ ಬಳಸುವುದು. ಪೈಪಿನ ತುದಿ ಸಂಪಿನ ನೀರಿನಲ್ಲಿ 2 ರಿಂದ 3 ಸೆಂ.ಮೀ. ಮಾತ್ರ ಮುಳುಗಿರಲಿ.

(5) ವಾಪಸು ಪೈಪು: ಪಂಪಿನ ಮೇಲೆ ಒಂದು ಯೂನಿಯನ್ ಕೂರಿಸಿದರೆ ಶುಚಿಗೊಳಿಸಲು ಪಂಪನ್ನು ಬಿಚ್ಚುವುದು ಸುಲಭ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 2.5 ಸೆಂ.ಮೀ.ಗಿಂತ ಕೆಳಗೆ ಹೋಗಬಾರದು. ಹಿಮ್ಮುಖ ಹರಿವನ್ನು ತಡೆಯಲು ನಾನ್-ರಿಟರ್ನ್ ವಾಲ್ವ್ ಹಾಕಬಹುದು, ಪೈಪಿಗೆ ಸಣ್ಣ ಗಾಳಿ ರಂಧ್ರ ಕೊರೆಯಬಹುದು. ಆದರೆ ವಾಲ್ವಿನಲ್ಲಿ ಕಸ ಸಿಕ್ಕಿಕೊಳ್ಳುತ್ತದೆ, ರಂಧ್ರವನ್ನು ಪಾಚಿ ಮತ್ತು ಉಪ್ಪು ಮುಚ್ಚುತ್ತವೆ. ಇವನ್ನು ನಂಬಿ ಸಂಪಿನ ಖಾಲಿ ಜಾಗವನ್ನು ಕಡಿಮೆ ಮಾಡಬಾರದು.

(6) ಅಂಟು: ಸಾಲ್ವೆಂಟ್ ಸಿಮೆಂಟ್ ಹಚ್ಚಿದ ಜೋಡಣೆಗಳನ್ನು 24 ಗಂಟೆ ಒಣಗಲು ಬಿಟ್ಟು, ನಂತರ ಸಿಹಿನೀರಿನಿಂದ ತೊಳೆಯುವುದು. ಟ್ಯಾಂಕ್ ಕನೆಕ್ಟರನ್ನು ಕೈಯಿಂದ ಬಿಗಿಮಾಡಿ ಮತ್ತೆ ಕಾಲು ಸುತ್ತು ತಿರುಗಿಸಿದರೆ ಸಾಕು. ಪಾನಾ ಹಾಕಿ ಬಲವಂತವಾಗಿ ಬಿಗಿಮಾಡಿದರೆ ಗಾಜು ಸೀಳುತ್ತದೆ.

7. ಸ್ವೀಕಾರ ಪರೀಕ್ಷೆ

ಪ್ಲಂಬರ್‌ಗೆ ಅಂತಿಮ ಹಣ ಪಾವತಿಸುವ ಮೊದಲು ಸಿಹಿನೀರಿನಲ್ಲಿ ಕೆಳಕಂಡ ಪರೀಕ್ಷೆಗಳನ್ನು ಮಾಡಿಸುವುದು.

(ಅ) 24 ಗಂಟೆ ನಿರಂತರ ಚಾಲನೆ. ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಇಟ್ಟು ಸೋರಿಕೆ ನೋಡುವುದು.
(ಆ) ಪಂಪಿನ ಸ್ವಿಚ್ಚನ್ನು ಐದು ಬಾರಿ ಆರಿಸಿ, ಪ್ರತಿ ಬಾರಿಯೂ ನೀರು ಇಳಿಯುವುದು ನಿಂತ ಮೇಲೆ ಸಂಪಿನ ಮಟ್ಟ ಗುರುತಿಸುವುದು. ಮತ್ತೆ ಹಾಕಿದಾಗ ತಾನಾಗಿಯೇ ಹಿಂದಿನ ಸ್ಥಿತಿಗೆ ಬರಬೇಕು.
(ಇ) ಮುಖ್ಯ ಇಳಿ ಪೈಪಿನ ವಾಲ್ವನ್ನು ಪೂರ್ತಿ ಮುಚ್ಚಿ, ತುರ್ತು ಪೈಪು ಒಂದೇ ಎಲ್ಲ ನೀರನ್ನೂ ಇಳಿಸುತ್ತದೆಯೇ ಎಂದು ನೋಡುವುದು.
(ಈ) ಎರಡೂ ಇಳಿ ಪೈಪುಗಳನ್ನು ಮುಚ್ಚಿ, ಪಂಪಿನ ಅಂಕಣ ಬರಿದಾಗುವವರೆಗೆ ಮುಖ್ಯ ತೊಟ್ಟಿ ಉಕ್ಕುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಪಂಪು ಒಣಗಿ ಓಡದಂತೆ ಕೂಡಲೇ ಆರಿಸುವುದು.

ಪರೀಕ್ಷೆಯ ನಂತರ ಪಂಪಿನ ಅಂಕಣದ ಗಾಜಿನ ಮೇಲೆ ಚಾಲನೆಯ ಗರಿಷ್ಠ ಮಟ್ಟದ ಗೆರೆಯನ್ನು ಅಳಿಸದ ಬಣ್ಣದಲ್ಲಿ ಎಳೆಯುವುದು. ಮನೆಯಲ್ಲಿ ಯಾರೇ ನೀರು ಹಾಕಿದರೂ ಈ ಗೆರೆ ಮೀರಬಾರದು.

8. ನೀರು ಮತ್ತು ಉಪ್ಪು

ಕೊಳವೆಬಾವಿಯ ಗಡಸು ನೀರು ಹಾಗೂ ಕ್ಲೋರಿನ್ ಬೆರೆತ ನಲ್ಲಿ ನೀರು ನೇರ ಬಳಕೆಗೆ ಯೋಗ್ಯವಲ್ಲ. ಆರ್.ಓ. ನೀರನ್ನು ಬಳಸುವುದು. ಶುದ್ಧ ಕುಡಿಯುವ ನೀರಿನ ಘಟಕಗಳಿಂದ ತರುವವರು ಟಿಡಿಎಸ್ ಮಾಪಕದಿಂದ ಪರೀಕ್ಷಿಸಿಕೊಳ್ಳುವುದು. ಕುಡಿಯಲು ಯೋಗ್ಯವಾದ ನೀರಿನಲ್ಲಿಯೂ ಅಕ್ವೇರಿಯಂಗೆ ಬೇಡವಾದ ಲವಣಗಳು ಉಳಿದಿರಬಹುದು.

ಅಡುಗೆ ಉಪ್ಪು ಅಥವಾ ಕಲ್ಲುಪ್ಪಿನಿಂದ ಸಮುದ್ರದ ನೀರು ಆಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವುಗಳಿರುವ ಅಕ್ವೇರಿಯಂ ಉಪ್ಪಿನ ಮಿಶ್ರಣವೇ ಬೇಕು. ಲೀಟರಿಗೆ 35 ಗ್ರಾಂ ಲವಣ, ಸಾಪೇಕ್ಷ ಸಾಂದ್ರತೆ ಸುಮಾರು 1.025 ಇರತಕ್ಕದ್ದು. ಮಾದರಿಯ 200 ಲೀಟರ್ ನೀರಿಗೆ ಸುಮಾರು 7 ಕಿ.ಗ್ರಾಂ. ಬೇಕಾಗುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಮಟ್ಟ ಇಳಿದಾಗ ಸಿಹಿನೀರನ್ನೇ ಸೇರಿಸುವುದು. ಈ ಇಳಿಕೆ ಪಂಪಿನ ಅಂಕಣದಲ್ಲಿ ಮಾತ್ರ ಕಾಣಿಸುತ್ತದೆ. ಓವರ್‌ಹೆಡ್ ಟ್ಯಾಂಕಿನ ಪೈಪಿಗೆ ಬಾಲ್‌ಕಾಕ್ ಹಾಕಿ ಸಂಪಿಗೆ ನೇರ ಸಂಪರ್ಕ ಕೊಡಬಾರದು. ಬಾಲ್‌ಕಾಕ್ ಕೆಟ್ಟರೆ ಮನೆಯ ಇಡೀ ನೀರು ಸಂಪಿಗೆ ಬರುತ್ತದೆ. ಬದಲಾಗಿ 10 ಲೀಟರ್‌ನ ಪ್ರತ್ಯೇಕ ಡಬ್ಬಿಯಿಂದ ನೀರು ಬರುವಂತೆ ಮಾಡಿದಲ್ಲಿ, ಅದು ಪೂರ್ತಿ ಸುರಿದರೂ ಲವಣಾಂಶ 35ರಿಂದ ಸುಮಾರು 33ಕ್ಕೆ ಇಳಿಯುವುದಷ್ಟೇ.

ನೀರು ಸಿದ್ಧವಾದ ಕೂಡಲೇ ಮೀನು ಬಿಡಬಾರದು. ಅಮೋನಿಯ ಮತ್ತು ನೈಟ್ರೈಟ್ ಶೂನ್ಯಕ್ಕೆ ಬರುವವರೆಗೆ, ಸಾಮಾನ್ಯವಾಗಿ 4 ರಿಂದ 6 ವಾರ ಕಾಯುವುದು.

9. ವಿದ್ಯುತ್ ಸುರಕ್ಷತೆ ಮತ್ತು ಬಳಕೆ

ಪ್ಲಗ್ ಪಾಯಿಂಟ್ ಸಂಪಿನ ಮೇಲ್ಭಾಗದಲ್ಲಿ ಇರಬಾರದು. ಪ್ರತಿ ತಂತಿಯೂ ಪ್ಲಗ್‌ಗಿಂತ ಕೆಳಕ್ಕೆ ಬಾಗಿ ಮೇಲೇರಬೇಕು. ಆಗ ತಂತಿಯ ಮೇಲೆ ಹರಿಯುವ ನೀರು ಪ್ಲಗ್ ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಗೂ ಅರ್ಥಿಂಗ್ ಕಡ್ಡಾಯವೆಂದು ಭಾವಿಸುವುದು. ಹೀಟರನ್ನು ಮಟ್ಟ ಬದಲಾಗದ ಮೊದಲ ಅಂಕಣದಲ್ಲಿ ಇಡುವುದು. ಪಂಪಿನ ಅಂಕಣದಲ್ಲಿ ನೀರು ಇಳಿದರೆ ಹೀಟರ್ ಒಡೆಯುವ ಅಪಾಯವಿದೆ. ಗುಂಡ್ಲುಪೇಟೆಯ ಚಳಿಗಾಲದ ರಾತ್ರಿಗಳಲ್ಲಿ ಹೀಟರ್ ಅವಶ್ಯಕ. ನೀರಿನ ಉಷ್ಣತೆ 24 ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ.

30 ವ್ಯಾಟ್ ಪಂಪು ದಿನದ 24 ಗಂಟೆ ಓಡಿದರೆ 30 ದಿನಕ್ಕೆ 21.6 ಯೂನಿಟ್ ಆಗುತ್ತದೆ. ದೀಪ ಮತ್ತು ಹೀಟರ್ ಇದಕ್ಕೆ ಹೊರತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ತಮಗೆ ನಿಗದಿಯಾದ ಅರ್ಹ ಯೂನಿಟ್‌ಗಳ ಮಿತಿಯನ್ನು ಬಿಲ್ಲಿನಲ್ಲಿ ನೋಡಿಕೊಂಡು ಮುಂದುವರಿಯುವುದು ಒಳಿತು.

ವಿದ್ಯುತ್ ನಿಲುಗಡೆ ದೀರ್ಘವಾದಲ್ಲಿ ಮೊದಲು ಬೇಕಾಗುವುದು ದೀಪವಲ್ಲ, ನೀರಿನ ಚಲನೆ ಮತ್ತು ಗಾಳಿ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಸಣ್ಣ ಏರ್ ಪಂಪನ್ನಾದರೂ ಇಟ್ಟುಕೊಳ್ಳತಕ್ಕದ್ದು. ಏರ್ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಅದರ ಕೊಳವೆಗೂ ನಾನ್-ರಿಟರ್ನ್ ವಾಲ್ವ್ ಬೇಕು.

10. ಕಾನೂನು ನಿರ್ಬಂಧಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 1ನೇ ಅನುಸೂಚಿಯಲ್ಲಿ ಬಂಡೆ ಕಟ್ಟುವ ಹವಳಗಳು, ಕಪ್ಪು ಹವಳ, ಬೆಂಕಿ ಹವಳ ಹಾಗೂ ಸಮುದ್ರ ಬೀಸಣಿಗೆಗಳನ್ನು 2001ರಲ್ಲಿ ಸೇರಿಸಲಾಗಿದೆ. ಇವುಗಳನ್ನು, ಹವಳದ ಬಂಡೆಯಿಂದ ಒಡೆದು ತಂದ ತುಂಡುಗಳನ್ನು ಒಳಗೊಂಡಂತೆ, ಕೊಳ್ಳುವುದಾಗಲಿ ಇಟ್ಟುಕೊಳ್ಳುವುದಾಗಲಿ ಅಪರಾಧ. 1ನೇ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಗಳಿಗೆ 3 ರಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡವಿದೆ. ಕಡಲ ಕುದುರೆಗಳೂ ಸಂರಕ್ಷಿತ ಜೀವಿಗಳೇ. ಮಾರಾಟಗಾರರು 'ಲೈವ್ ರಾಕ್' ಎಂದು ಕೊಡುವ ವಸ್ತುವಿನ ಬದಲು ಸೆರಾಮಿಕ್ ಕಲ್ಲುಗಳನ್ನು ಬಳಸುವುದು ಸುರಕ್ಷಿತ. ಶುದ್ಧೀಕರಣದ ಸೂಕ್ಷ್ಮಜೀವಿಗಳು ಅವುಗಳ ಮೇಲೆಯೂ ಬೆಳೆಯುತ್ತವೆ.

ಸಾಧ್ಯವಾದಷ್ಟೂ ಕೃತಕವಾಗಿ ಮರಿ ಮಾಡಿಸಿದ ಮೀನುಗಳನ್ನೇ ಆರಿಸುವುದು. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳ ಮರಿ ಉತ್ಪಾದನೆಯ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ಖರೀದಿಯ ರಸೀದಿಯನ್ನು ಕಾಯ್ದಿರಿಸಿಕೊಳ್ಳುವುದು.

ಕೇರಳದ ಕಡೆಯಿಂದ ಮೀನು ತರುವವರು ಗಮನಿಸಬೇಕಾದ ಅಂಶ: ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9 ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಮ್ಲಜನಕ ತುಂಬಿದ ಚೀಲದಲ್ಲಿರುವ ಮೀನುಗಳು ತಪಾಸಣಾ ಠಾಣೆಯಲ್ಲಿ ರಾತ್ರಿಯಿಡೀ ಕಾಯುವಂತಾಗದಂತೆ ಹಗಲಿನ ಪ್ರಯಾಣವನ್ನೇ ಯೋಜಿಸಿಕೊಳ್ಳುವುದು.

11. ಬಳಸಿದ ಉಪ್ಪುನೀರಿನ ವಿಲೇವಾರಿ

ಎರಡು ವಾರಕ್ಕೊಮ್ಮೆ 20 ಲೀಟರ್ ನೀರು ಬದಲಿಸಿದರೆ ಪ್ರತಿ ಬಾರಿ 700 ಗ್ರಾಂ, ವರ್ಷಕ್ಕೆ ಸುಮಾರು 18 ಕಿ.ಗ್ರಾಂ. ಉಪ್ಪು ಮನೆಯಿಂದ ಹೊರಹೋಗುತ್ತದೆ. ಈ ನೀರನ್ನು ಹಿತ್ತಲಿನ ಗಿಡಗಳಿಗೆ, ಬಾಳೆ ಮತ್ತು ಅರಿಶಿನದ ತಾಕುಗಳಿಗೆ, ಬಾವಿ ಅಥವಾ ಇಂಗುಗುಂಡಿಗಳ ಬಳಿ ಸುರಿಯಬಾರದು. ಒಳಚರಂಡಿ ಸಂಪರ್ಕವಿರುವವರು ಹೆಚ್ಚು ಸಿಹಿನೀರಿನೊಂದಿಗೆ ಒಳಚರಂಡಿಗೆ ಬಿಡುವುದು. ಸಂಪರ್ಕವಿಲ್ಲದವರು ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬಿಸಿಲಿಗಿಟ್ಟು ಆರಿಸಿ, ಉಳಿದ ಉಪ್ಪನ್ನು ಒಣ ಕಸವಾಗಿ ನೀಡಬಹುದು.

12. ಸಹಾಯಧನ ಕೋರುವ ಅರ್ಜಿದಾರರಿಗೆ

ಹವ್ಯಾಸಕ್ಕಾಗಿ ಮನೆಯಲ್ಲಿ ಇಡುವ ಅಕ್ವೇರಿಯಂಗೆ ಸಹಾಯಧನ ದೊರೆಯುವುದಿಲ್ಲ. 2020-21ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಪಾಲನಾ ಘಟಕಕ್ಕೆ, ಸಿಹಿನೀರು ಮತ್ತು ಉಪ್ಪುನೀರು ಎರಡಕ್ಕೂ, ರೂ. 3.00 ಲಕ್ಷ ಘಟಕ ವೆಚ್ಚ ನಿಗದಿಪಡಿಸಲಾಗಿತ್ತು. ಸಾಮಾನ್ಯ ವರ್ಗಕ್ಕೆ ಶೇ. 40 (ರೂ. 1.20 ಲಕ್ಷ), ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60 (ರೂ. 1.80 ಲಕ್ಷ) ಸಹಾಯಧನದ ಪ್ರಮಾಣವಾಗಿತ್ತು. ಮೀನು ಬೆಳೆಸಿ ಮಾರಾಟ ಮಾಡುವ ಉದ್ದೇಶವುಳ್ಳವರು ಆಯಾ ವರ್ಷದ ಅರ್ಜಿ ಆಹ್ವಾನ ಮತ್ತು ಬೇಕಾದ ದಾಖಲೆಗಳ ಬಗ್ಗೆ ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಹಣ ತೊಡಗಿಸುವುದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಪ್ ಇಲ್ಲದೆ ಉಪ್ಪುನೀರಿನ ಮೀನು ಸಾಕಬಹುದೇ?
ಉತ್ತರ: ಸಾಕಬಹುದು. ಆದರೆ ಒಟ್ಟು ನೀರು ಕಡಿಮೆಯಾದಷ್ಟೂ ಲವಣಾಂಶ ಮತ್ತು ಉಷ್ಣತೆ ಬೇಗ ಏರುಪೇರಾಗುತ್ತವೆ.

ಪ್ರಶ್ನೆ: ಈಗಾಗಲೇ ಜೋಡಿಸಿರುವ ಸಂಪ್ ಸುರಕ್ಷಿತವೇ ಎಂದು ತಿಳಿಯುವುದು ಹೇಗೆ?
ಉತ್ತರ: ಮನೆಯಲ್ಲಿ ಹಾಜರಿರುವಾಗ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಪಂಪನ್ನು ಆರಿಸಿ ನೋಡುವುದು. ನೀರು ಸಂಪಿನ ಅಂಚಿನಿಂದ 5 ಸೆಂ.ಮೀ. ಒಳಗೆ ಬಂದರೆ ಪಂಪನ್ನು ಮತ್ತೆ ಹಾಕಿ, ವಾಪಸು ಪೈಪಿನ ಬಾಯಿಯನ್ನು ಮೇಲೆತ್ತುವುದು.

ಪ್ರಶ್ನೆ: ಈ ಪರೀಕ್ಷೆ ಒಮ್ಮೆ ಮಾಡಿದರೆ ಸಾಕೇ?
ಉತ್ತರ: ಸಾಲದು. ತಿಂಗಳಿಗೊಮ್ಮೆ, ಹಾಗೂ ಮನೆಯವರೆಲ್ಲರೂ ಊರಿಗೆ ಹೊರಡುವ ಹಿಂದಿನ ದಿನ ತಪ್ಪದೆ ಮಾಡತಕ್ಕದ್ದು.